ಸೂಜಿ ಹಿಡಿಯುವ ಬಿಡುವು

ಮಗಳು ಬಸುರಿ ಎಂಬ ಸುದ್ದಿ ತಲುಪಿದ ವಾರದಲ್ಲೇ ಸಂಡೂರು ಸೀಮೆಯ ಮನೆಗಳಲ್ಲಿ ಅಟ್ಟದ ಮೇಲಿನ ಬಟ್ಟೆಯ ಗಂಟು ಕೆಳಗಿಳಿಯುತ್ತಿದ್ದ ಕಾಲವೊಂದಿತ್ತು. ಉಟ್ಟು ಉಟ್ಟು ಮೆತ್ತಗಾದ ಹತ್ತಿಯ ಸೀರೆಗಳು, ಅಜ್ಜನ ಧೋತರ, ಅಂಚು ಪಿಸಿದ ಇಳಕಲ್ ಸೆರಗು, ಕುಪ್ಪಸಕ್ಕೆ ಕತ್ತರಿಸಿ ಉಳಿದ ಖಣದ ಚೂರು, ಇವೆಲ್ಲ ಆ ಗಂಟಿನಲ್ಲಿ ತಮ್ಮ ಸರದಿಗಾಗಿ ಕಾದಿರುತ್ತಿದ್ದವು. ಮಗಳು ಬಾಣಂತನಕ್ಕೆ ತವರಿಗೆ ಬರುವುದರೊಳಗೆ ತೊಟ್ಟಿಲಿಗೊಂದು ಸಣ್ಣ ಕೌದಿ, ಕೂಸಿನ ತಲೆಗೊಂದು ಕುಲಾವಿ, ಮೈ ಮುಚ್ಚುವುದಕ್ಕೊಂದು ಕುಂಚಿಗೆ ಸಿದ್ಧವಾಗಬೇಕು. ಇದಕ್ಕೆಂದು ಯಾರೂ ಪ್ರತ್ಯೇಕ ವೇಳೆಯನ್ನು ತೆಗೆದಿಡುತ್ತಿರಲಿಲ್ಲ. ರೊಟ್ಟಿ ಬಡಿದು ಒಲೆ ಆರಿಸಿದ ಮೇಲೆ ಒಂದು ಸಾಲು, ಹೊಲದಿಂದ ಬಂದು ಎಮ್ಮೆ ಹಿಂಡುವುದಕ್ಕೆ ಮುನ್ನ ಇನ್ನೊಂದು ಸಾಲು, ನೆರೆಮನೆಯವರು ಮಾತಿಗೆ ಬಂದು ಕುಳಿತರೆ ಮತ್ತೆರಡು ಸಾಲು. ಹೀಗೆ ಮನೆವಾರ್ತೆಯ ಸಂದುಗಳಲ್ಲಿ ಹೊಲಿಗೆ ಮುಂದುವರಿಯುತ್ತಿತ್ತು. ಕೂಸು ಹುಟ್ಟುವ ಹೊತ್ತಿಗೆ ಅದರ ಮೊದಲ ಹಾಸಿಗೆಯೂ ಹುಟ್ಟಿರುತ್ತಿತ್ತು.

ಇಂದು ತೋರಣಗಲ್ಲಿಗೆ ಹೊಂದಿಕೊಂಡ ವಡ್ಡುವಿನಿಂದ ಹೊಸಪೇಟೆ, ಹಂಪಿ, ಕಂಪ್ಲಿಯವರೆಗೆ ಅಂಥ ಗಂಟುಗಳು ತೆರೆಯುವುದು ಕಡಿಮೆಯಾಗಿದೆ. ಸಂತೆಯಲ್ಲಿಯೂ ಪೇಟೆಯ ಅಂಗಡಿಗಳಲ್ಲಿಯೂ ಬಣ್ಣಬಣ್ಣದ ರಗ್ಗುಗಳು, ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಕೂಸಿನ ಹಾಸಿಗೆಗಳು ಅಗ್ಗದ ಬೆಲೆಗೆ ದೊರೆಯುತ್ತವೆ. ಕಾಡು, ಅದಿರು, ನೀರು, ದೂಳು ಇವುಗಳ ಚರ್ಚೆಗೆ ಮೀಸಲಾದ ಪುಟಗಳಲ್ಲಿ ಕೌದಿಯ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮನೆಯ ಹೆಂಗಸು ತನ್ನವರಿಗಾಗಿ ಕೈಯಾರೆ ಮಾಡುವ ಉಡುಗೊರೆಗೆ ಮೂರು ವಸ್ತುಗಳು ಬೇಕು: ಕೂಡಿಡಲು ಯೋಗ್ಯವಾದ ಹಳೆಯ ಬಟ್ಟೆ, ಕಲಿತ ಕೈ, ಸೂಜಿ ಹಿಡಿಯುವಷ್ಟು ಬಿಡುವು. ಮೊದಲನೆಯದನ್ನು ಹತ್ತಿಯ ಹೊಲ ಕೊಟ್ಟಿತು, ಎರಡನೆಯದನ್ನು ಹಿರಿಯರು ಕೊಟ್ಟರು. ಮೂರನೆಯದನ್ನು ಬಹುಮಟ್ಟಿಗೆ ಕೊಟ್ಟದ್ದು ಹತ್ತಿರದ ಹಳ್ಳದಲ್ಲಿ ನೀರನ್ನೂ ಹತ್ತಿರದ ಕುರುಚಲಿನಲ್ಲಿ ಸೌದೆಯನ್ನೂ ಇರಿಸಿಕೊಂಡಿದ್ದ ಬೆಟ್ಟ. ಬೆಟ್ಟ ಕೆಟ್ಟಲ್ಲಿ ಬಿಡುವೂ ಕೆಡುತ್ತದೆ, ಬಿಡುವು ಕೆಟ್ಟಲ್ಲಿ ಉಡುಗೊರೆ ಅಂಗಡಿಯ ಪಾಲಾಗುತ್ತದೆ. ಗಣಿಗಾರಿಕೆಯ ನಷ್ಟವನ್ನು ಟನ್ನುಗಳಲ್ಲಿಯೂ ಕೋಟಿಗಳಲ್ಲಿಯೂ ಲೆಕ್ಕ ಹಾಕಿದವರು ಈ ನಷ್ಟವನ್ನು ಯಾವ ಕಲಮಿನಲ್ಲಿಯೂ ಬರೆದಿಲ್ಲ.

ಕೌದಿಯ ಲೆಕ್ಕಾಚಾರ

ಕೌದಿಯನ್ನು ಬಡತನದ ಗುರುತೆಂದು ಕಂಡವರೇ ಹೆಚ್ಚು. ಅದರ ಹಿಂದಿರುವ ತಿಳಿವಳಿಕೆಯನ್ನು ಗಮನಿಸಿದವರು ಕಡಿಮೆ. ನಾಲ್ಕೈದು ಹಳೆಯ ಸೀರೆಗಳನ್ನು ಒಂದರ ಮೇಲೊಂದು ನೆಲದ ಮೇಲೆ ಹಾಸಿ, ಗಾಳಿಗೆ ಸರಿಯದಂತೆ ಮೂಲೆಗಳಲ್ಲಿ ಕಲ್ಲಿಟ್ಟು, ಮೇಲುಮುಖಕ್ಕೆ ಬಣ್ಣದ ತುಂಡುಗಳನ್ನು ಜೋಡಿಸಿ, ಒಂದಂಚಿನಿಂದ ಇನ್ನೊಂದಂಚಿಗೆ ಒತ್ತೊತ್ತಾಗಿ ಸಾಲು ಹೊಲಿಗೆ ಹಾಕುತ್ತಾರೆ. ಹೊಲಿಗೆ ಅತ್ಯಂತ ಸರಳವಾದದ್ದು. ಅದು ಸರಳವಾಗಿರುವುದಕ್ಕೆ ಕಾರಣವೂ ಇದೆ. ಕೂಸು ಅತ್ತರೆ, ಒಲೆಯ ಮೇಲಿನ ಹಾಲು ಉಕ್ಕಿದರೆ, ಎಲ್ಲಿದೆಯೋ ಅಲ್ಲಿಯೇ ಸೂಜಿ ಚುಚ್ಚಿಟ್ಟು ಏಳಬಹುದು. ಮರಳಿ ಬಂದಾಗ ಅಲ್ಲಿಂದಲೇ ಮುಂದುವರಿಸಬಹುದು. ಅತ್ತೆ ಬಿಟ್ಟ ಸಾಲನ್ನು ಸೊಸೆ ಹಿಡಿಯಬಹುದು, ನಾದಿನಿ ಮುಗಿಸಬಹುದು. ಅಡಚಣೆಗಳಿಂದಲೇ ತುಂಬಿದ ಸಂಸಾರಕ್ಕೆ ಹೊಂದಿಕೊಳ್ಳುವಂತೆ ರೂಪುಗೊಂಡ ಕಸುಬು ಇದು. ಸ್ವತಃ ಹೊಲಿಯಲಾಗದ ಮನೆಗಳಿಗೆ ಕೂಲಿಗೆ ಕೌದಿ ಹೊಲಿದುಕೊಡುವ ಹೆಂಗಸರು ಬರುತ್ತಿದ್ದುದೂ ಉಂಟು. ಆಗಲೂ ಬಟ್ಟೆ ಮಾತ್ರ ಆ ಮನೆಯದೇ ಆಗಿರುತ್ತಿತ್ತು.

ಕೂಸಿಗೆ ಹೊಸ ಬಟ್ಟೆ ಬಿಟ್ಟು ಹಳೆಯದನ್ನೇ ಏಕೆ ಆರಿಸುತ್ತಿದ್ದರು ಎಂಬುದಕ್ಕೂ ಉತ್ತರವಿದೆ. ನೂರು ಸಲ ಒಗೆದ ಹತ್ತಿಯಲ್ಲಿ ಗಂಜಿ ಉಳಿದಿರುವುದಿಲ್ಲ, ಬಿಡುವ ಬಣ್ಣವೆಲ್ಲ ಬಿಟ್ಟುಹೋಗಿರುತ್ತದೆ, ನೂಲು ಮೆದುವಾಗಿ ತೇವವನ್ನು ಬೇಗ ಹೀರುತ್ತದೆ. ಎಳೆಯ ಚರ್ಮಕ್ಕೆ ಇದಕ್ಕಿಂತ ಹಿತವಾದ ಬಟ್ಟೆಯಿಲ್ಲ. ಕೂಸು ಬೆಳೆದ ಮೇಲೆ ಅದೇ ಕೌದಿ ಇನ್ನೊಂದು ಕೂಸಿಗೆ ಹೋಗುತ್ತದೆ, ಹರಿದಲ್ಲಿ ತೇಪೆ ಹಾಕಿಸಿಕೊಳ್ಳುತ್ತದೆ, ಕಡೆಗೆ ಒಲೆಯ ಮುಂದಿನ ಮಸಿಬಟ್ಟೆಯಾಗಿ, ಅದೂ ಸವೆದಾಗ ತಿಪ್ಪೆಯ ಗೊಬ್ಬರದಲ್ಲಿ ಕರಗಿ ಹೊಲಕ್ಕೆ ಮರಳುತ್ತದೆ. ಒಂದು ಕಿಲೋ ಹತ್ತಿಯ ಬಟ್ಟೆ ತಯಾರಾಗುವುದಕ್ಕೆ ಜಾಗತಿಕ ಸರಾಸರಿಯಲ್ಲಿ ಸುಮಾರು 10,000 ಲೀಟರ್ ನೀರು ಬೇಕೆಂಬ ಅಂದಾಜಿದೆ. ಅಷ್ಟು ನೀರು ಕುಡಿದು ಬಂದ ಬಟ್ಟೆಯನ್ನು ಎರಡು ತಲೆಮಾರು ಬಾಳಿಸುವುದೆಂದರೆ ನೀರನ್ನೇ ಉಳಿಸಿದಂತೆ. ಈ ಮಾತನ್ನು ಯಾವ ಪುಸ್ತಕದಲ್ಲಿಯೂ ಓದದ ಹೆಂಗಸರು ಅದನ್ನು ಬದುಕಿನಲ್ಲಿ ಪಾಲಿಸಿದ್ದರು.

ಅಂಗಡಿಯ ರಗ್ಗಿನ ಹುಟ್ಟು-ಸಾವು ಬೇರೆ ಬಗೆಯದು. ಜಗತ್ತಿನಲ್ಲಿ ಈಗ ತಯಾರಾಗುವ ಎಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್. ಅದರ ಮೂಲ ನೆಲದಡಿಯ ಕಚ್ಚಾ ತೈಲ. ಒಗೆದಾಗಲೆಲ್ಲ ಅದರಿಂದ ಕಣ್ಣಿಗೆ ಕಾಣದ ಎಳೆಗಳು ಕಳಚಿ ಚರಂಡಿಯ ಮೂಲಕ ಹಳ್ಳ, ಹಳ್ಳದಿಂದ ತುಂಗಭದ್ರೆಯನ್ನು ಸೇರುತ್ತವೆ. ತಿಪ್ಪೆಗೆಸೆದರೆ ಕರಗುವುದಿಲ್ಲ, ಸುಟ್ಟರೆ ಹೊಗೆ ವಿಷ. ಬಳ್ಳಾರಿಯ ಬಿಸಿಲಿನಲ್ಲಿ ಅದನ್ನು ಹೊದ್ದ ಕೂಸಿನ ಬೆವರು ಮೈಮೇಲೆಯೇ ಉಳಿಯುತ್ತದೆ. ಅಗ್ಗವೆಂದು ಕೊಂಡ ಈ ಉಡುಗೊರೆಯ ನಿಜವಾದ ಬೆಲೆಯನ್ನು ಕೊಡುವವರು ಯಾರೆಂಬುದು ಅದರ ಚೀಟಿಯ ಮೇಲೆ ನಮೂದಾಗಿರುವುದಿಲ್ಲ.

ಈ ತಿಳಿವಳಿಕೆ ಸಂಡೂರಿಗಷ್ಟೇ ಸೀಮಿತವಲ್ಲ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ಹೊಲಿಯುವ ಕೌದಿ ಅಂಚಿನಿಂದ ಆರಂಭವಾಗಿ ಸುತ್ತು ಸುತ್ತಾಗಿ ನಡುವಿಗೆ ಸಾಗುತ್ತದೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ಹೂಗಳನ್ನು ಇಡದ ಕೌದಿ ಬೆತ್ತಲೆಯೆಂಬುದು ಅವರ ಭಾವನೆ. ಬಳ್ಳಾರಿ, ಚಿತ್ರದುರ್ಗ ಸೀಮೆಯ ಕುರುಬ ಗಂಡಸರು ಕುರಿ ಕಾಯುತ್ತಲೇ ಕೈಯಲ್ಲಿ ಉಣ್ಣೆಯ ನೂಲು ತೆಗೆಯುತ್ತಿದ್ದರು, ಆ ನೂಲು ಮಗ್ಗವೇರಿ ಕಂಬಳಿಯಾಗುತ್ತಿತ್ತು. ತನ್ನವರಿಗಾಗಿ ಎಳೆ ಹಿಡಿಯುವುದು ಹೆಣ್ಣಿನ ಸ್ವಭಾವವೆಂದೂ ಗಂಡಿಗೆ ಅದು ಒಗ್ಗದೆಂದೂ ಹೇಳುವವರು ಈ ಕುರಿಗಾಹಿಗಳನ್ನು ಮರೆತಿರುತ್ತಾರೆ.

ತಾಂಡಾದ ಹೆಣ್ಣುಮಕ್ಕಳ ಕಸೂತಿ

ಸಂಡೂರಿನ ಕೈಹೊಲಿಗೆಯ ಮಾತು ಲಂಬಾಣಿ ತಾಂಡಾಗಳನ್ನು ಬಿಟ್ಟು ಪೂರ್ಣವಾಗದು. ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ದಖ್ಖನಿನ ಉದ್ದಗಲ ಸಂಚರಿಸುತ್ತಿದ್ದ ಈ ಸಮುದಾಯದ ವ್ಯಾಪಾರವನ್ನು ಬ್ರಿಟಿಷರ ಉಪ್ಪಿನ ಕಾನೂನುಗಳೂ ರೈಲುಗಳೂ ಕಸಿದುಕೊಂಡವು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಇಂಥ ಅಲೆಮಾರಿ ಸಮುದಾಯಗಳಿಗೆ ಕಳಂಕವನ್ನೂ ಹಚ್ಚಿತು. ಎಲ್ಲವನ್ನೂ ಕಳೆದುಕೊಂಡು ಬೆಟ್ಟದಂಚಿನಲ್ಲಿ ನೆಲೆನಿಂತಾಗ ಜೊತೆಗೆ ಉಳಿದವು ಭಾಷೆ, ಹಾಡು ಮತ್ತು ಸೂಜಿ. ಫೇಟಿಯಾ, ಕಾಂಚಳಿ, ತಲೆಯ ಮೇಲಿನ ಓಢಣಿ, ಎಲೆ-ಅಡಿಕೆಯ ಚೀಲ, ಕೊಡದ ಕೆಳಗಿಡುವ ಸಿಂಬೆ, ಎತ್ತಿನ ಕೋಡಿನ ಅಲಂಕಾರ, ಹೀಗೆ ಬದುಕಿನ ಪ್ರತಿಯೊಂದು ವಸ್ತುವನ್ನೂ ಕನ್ನಡಿಚೂರು, ಕವಡೆ, ನಾಣ್ಯ, ಬಣ್ಣದ ನೂಲುಗಳಿಂದ ಅವರು ಸಿಂಗರಿಸಿದರು. ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಗುರುತಿಸಲಾಗಿದೆ. ತಾಯಿ ಮಗಳ ಮದುವೆಗೆಂದು ವರ್ಷಗಟ್ಟಲೆ ಮೊದಲೇ ಹೊಲಿಗೆ ಆರಂಭಿಸುತ್ತಿದ್ದಳು. ಮಗಳೂ ಪಕ್ಕದಲ್ಲಿ ಕುಳಿತು ಕಲಿಯುತ್ತಿದ್ದಳು. ಗಂಡನ ಮನೆಗೆ ಹೊರಡುವ ದಿನ ಅವಳ ಮೈಮೇಲಿದ್ದುದೆಲ್ಲ ತಾಯಿಯ ಬಿಡುವಿನ ಗಳಿಗೆಗಳ ಮೊತ್ತವಾಗಿರುತ್ತಿತ್ತು.

ಈ ಕಲೆ ಇಂದು ಪ್ರಸಿದ್ಧವಾಗಿದೆ. 1984ರಲ್ಲಿ ಸ್ಥಾಪನೆಯಾದ ಸಂಡೂರು ಕುಶಲ ಕಲಾ ಕೇಂದ್ರವು ಸುಶೀಲಾನಗರವೇ ಮೊದಲಾದ ಊರುಗಳ ಹೆಣ್ಣುಮಕ್ಕಳ ಹೊಲಿಗೆಯನ್ನು ದೇಶ-ವಿದೇಶಗಳ ಮಾರುಕಟ್ಟೆಗೆ ತಲುಪಿಸಿತು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. 2023ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯತಂಡದ ಸಭೆಯ ಸಂದರ್ಭದಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಸಿದ್ಧಪಡಿಸಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯನ್ನು ಸೇರಿತು. ನದಿಯಾಚೆಯ ಆನೆಗುಂದಿಯಲ್ಲಿ 1997ರಲ್ಲಿ ಆರಂಭವಾದ ಕಿಷ್ಕಿಂದಾ ಟ್ರಸ್ಟ್ ಬಾಳೆಯ ನಾರಿನಿಂದ ಚೀಲ, ಚಾಪೆಗಳನ್ನು ಹೆಣೆಯುವ ಕೆಲಸವನ್ನು ಹೆಂಗಸರ ಕೈಗೆ ಕೊಟ್ಟಿತು. ಇವುಗಳಿಂದ ಅನೇಕ ಮನೆಗಳಿಗೆ ಆದಾಯ ಬಂದಿದೆ, ಹೆಣ್ಣಿನ ಕೈಗೆ ಅವಳದೇ ಹಣ ಬಂದಿದೆ. ಇದನ್ನು ಸಣ್ಣದೆಂದು ಹೇಳುವುದು ಅನ್ಯಾಯ.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ದೆಹಲಿಯ ಅಂಗಡಿಗೆ ಹೋಗುವ ದಿಂಬಿನ ಚೀಲದ ಮೇಲೆ ಕನ್ನಡಿ ಕೂರಿಸುವ ಕೈಗೆ ಸ್ವಂತ ಮಗಳ ಕಾಂಚಳಿಯ ಮೇಲೆ ಕನ್ನಡಿ ಕೂರಿಸುವ ಬಿಡುವು ಇದೆಯೇ? ಮಾರುವುದಕ್ಕೆ ಮಾಡುವ ವಸ್ತುವಿಗೆ ಅಳತೆ, ಬಣ್ಣ, ಗಡುವುಗಳನ್ನು ಕೊಳ್ಳುವವನು ನಿಗದಿ ಮಾಡುತ್ತಾನೆ. ಕೊಡುವುದಕ್ಕೆ ಮಾಡುವ ವಸ್ತುವಿಗೆ ಅವನ್ನು ಪ್ರೀತಿ ನಿಗದಿ ಮಾಡುತ್ತದೆ. ಎರಡೂ ಒಂದೇ ಸೂಜಿಯಿಂದ ಆಗಬಹುದು, ಆಗಬೇಕು ಕೂಡ. ಮೊದಲನೆಯದು ಎರಡನೆಯದನ್ನು ನುಂಗಿಬಿಟ್ಟರೆ ಮಾತ್ರ ಕಲೆ ಉಳಿದು ಅದರ ಬೇರು ಒಣಗಿದಂತಾಗುತ್ತದೆ. ಹೊಸ ವಿನ್ಯಾಸ ಹುಟ್ಟುವುದು ಮಗಳಿಗಾಗಿ, ಮೊಮ್ಮಗುವಿಗಾಗಿ ಹೊಲಿಯುವಾಗ. ಅಲ್ಲಿ ಮನಬಂದಂತೆ ತಪ್ಪು ಮಾಡುವ, ಬಿಚ್ಚಿ ಮತ್ತೆ ಹೊಲಿಯುವ ಸ್ವಾತಂತ್ರ್ಯವಿರುತ್ತದೆ. ಮಾರುಕಟ್ಟೆ ಇಂದು ಮಾರುತ್ತಿರುವ ಹೊಲಿಗೆಗಳೆಲ್ಲ ಹಾಗೆ ಮನೆಯೊಳಗೆ ಹುಟ್ಟಿದವುಗಳೇ.

ಬಿಡುವನ್ನು ಕಳೆದದ್ದು ಯಾವುದು?

ಕೈಹೊಲಿಗೆ ಹಿಂದೆ ಸರಿಯುವುದಕ್ಕೆ ಟೀವಿ ಕಾರಣ, ಮೊಬೈಲು ಕಾರಣ, ಈ ಕಾಲದ ಹುಡುಗಿಯರ ಸೋಮಾರಿತನ ಕಾರಣ ಎಂಬ ಮಾತು ಕಟ್ಟೆಯ ಮೇಲೆ ಕುಳಿತವರಿಂದ ಕೇಳಿಬರುತ್ತದೆ. ಅಂಕಿಅಂಶಗಳು ಬೇರೆಯದನ್ನು ಹೇಳುತ್ತವೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಂತೆ ಕೂಲಿಯಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷ ವ್ಯಯಿಸುತ್ತಿದ್ದರೆ, ಅಂಥ ಕೆಲಸದಲ್ಲಿ ಕೈಜೋಡಿಸುವ ಗಂಡಸರು ವ್ಯಯಿಸುತ್ತಿದ್ದುದು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರ ಪಾಲು ಹತ್ತು ನಿಮಿಷವಷ್ಟೇ ಇಳಿದಿತ್ತು. ಐದು ಗಂಟೆಗಳಷ್ಟು ಮನೆಗೆಲಸ, ಅದರ ಮೇಲೆ ಹೊಲದ ಕೂಲಿ ಅಥವಾ ಕಾರ್ಖಾನೆಯ ಪಾಳಿ. ಇಂಥ ದಿನದಲ್ಲಿ ಸೂಜಿಗೆ ಉಳಿಯುವುದೆಷ್ಟು? ನೀರಿನ ಸೆಲೆ ಒಂದು ಮೈಲಿ ದೂರ ಸರಿದರೆ, ಸೌದೆಯ ಕಾಡಿಗೆ ಬೇಲಿ ಬಿದ್ದರೆ, ಹೆಚ್ಚುವರಿ ವೇಳೆ ಕಡಿದುಹೋಗುವುದು ಅಡುಗೆಯಿಂದಲ್ಲ, ನಿದ್ದೆಯಿಂದ ಮತ್ತು ಹೊಲಿಗೆಯಿಂದ.

ಸಂಡೂರಿನ ಬೆಟ್ಟಗಳಿಗೆ ಆದದ್ದನ್ನು ಇಲ್ಲಿ ವಿಸ್ತರಿಸಿ ಹೇಳಬೇಕಾಗಿಲ್ಲ. 2000ದ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಹಗಲಿರುಳೆನ್ನದೆ ಲಾರಿಗಳು ಓಡಿದವು. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಗಳು 2008ರ ಡಿಸೆಂಬರ್ ಮತ್ತು 2011ರ ಜುಲೈಯಲ್ಲಿ ಸಲ್ಲಿಕೆಯಾದವು. ಸಮಾಜ ಪರಿವರ್ತನ ಸಮುದಾಯವು 2009ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆಮೇಲೆ ಮಿತಿ ಹಾಕಿ ಮತ್ತೆ ಅವಕಾಶ ನೀಡಲಾಯಿತು, ಮಿತಿಯೂ ಕಾಲಕಾಲಕ್ಕೆ ಏರಿತು. 2024ರ ಜೂನ್‌ನಲ್ಲಿ ದೇವದಾರಿ ಬೆಟ್ಟದ ಗಣಿ ಯೋಜನೆಯಿಂದ ಸುಮಾರು 99 ಸಾವಿರ ಮರಗಳು ನಾಶವಾಗುತ್ತವೆಂಬ ಕಾರಣಕ್ಕೆ ನಾಡಿನಾದ್ಯಂತ ವಿರೋಧ ಎದ್ದದ್ದು ಹಳೆಯ ಸುದ್ದಿಯೇನಲ್ಲ.

ಈ ದೊಡ್ಡ ಕಥೆಯೊಳಗೆ ಕೌದಿಯ ಸಣ್ಣ ಕಥೆಯೊಂದು ಅಡಗಿದೆ. ಮಹಾನವಮಿಗೆ ಮುನ್ನ ಮನೆಯ ಹಾಸಿಗೆ-ಹೊದಿಕೆಗಳನ್ನೆಲ್ಲ ಹಳ್ಳಕ್ಕೋ ಕೆರೆಗೋ ಹೊತ್ತೊಯ್ದು ಒಗೆಯುವುದು ಬಯಲುಸೀಮೆಯ ರೂಢಿ. ನೆನೆದ ಕೌದಿಯ ಭಾರವನ್ನು ಒಬ್ಬರು ಎತ್ತಲಾರರು. ಇಬ್ಬರು ಎದುರುಬದುರಾಗಿ ನಿಂತು ಹಿಂಡಬೇಕು. ಹರಿಯುವ ನೀರು, ಒಣಹಾಕಲು ಹಾಸುಬಂಡೆ, ನಿರ್ಮಲವಾದ ಗಾಳಿ ಇವು ಮೂರೂ ಇದ್ದಾಗ ಮಾತ್ರ ಕೌದಿ ಬಾಳುತ್ತದೆ. ಬೆಟ್ಟದ ಮೈ ಬಗೆದಾಗ ಮಳೆಗಾಲದ ಹಳ್ಳಗಳು ಕೆಮ್ಮಣ್ಣಿನ ರಾಡಿಯಾದವು. ಲಾರಿದಾರಿಯ ಊರುಗಳಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಸಂಜೆಯೊಳಗೆ ಅದಿರಿನ ದೂಳು ಕೂರುತ್ತಿತ್ತು. ಒಗೆಯಲಾಗದ ಕೌದಿಗಿಂತ ಬಕೆಟ್ಟಿನಲ್ಲಿ ಅದ್ದಿ ತೆಗೆಯಬಹುದಾದ ರಗ್ಗು ಹಗುರವೆನ್ನಿಸಿದರೆ ಆ ಹೆಂಗಸಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಅವಳು ರುಚಿಯನ್ನು ಬದಲಿಸಲಿಲ್ಲ. ಅವಳ ನೀರು ಬದಲಾಯಿತು.

ಇನ್ನೊಂದು ಬದಲಾವಣೆಯೂ ಆಗಿದೆ. ತೋರಣಗಲ್ಲು, ವಡ್ಡುಗಳ ಸುತ್ತ 1990ರ ದಶಕದಿಂದ ಉಕ್ಕಿನ ಉದ್ಯಮ ಬೆಳೆದಂತೆ ಹೊಲಗಳು ಕಡಿಮೆಯಾದವು, ಪಾಳಿಯ ಕೆಲಸ ಬಂತು. ಬೇಸಾಯದ ವರ್ಷಕ್ಕೆ ಒಂದು ಲಯವಿತ್ತು. ಜೋಳದ ಸುಗ್ಗಿ ಮುಗಿದು ಮುಂಗಾರು ಹಿಡಿಯುವವರೆಗಿನ ಬೇಸಗೆ ಕೌದಿಯ ಕಾಲವಾಗಿತ್ತು. ಪಾಳಿಯ ವರ್ಷಕ್ಕೆ ಬೇಸಗೆಯಿಲ್ಲ, ಮಳೆಗಾಲವಿಲ್ಲ. ಅಲ್ಲಿ ಸಂಬಳವಿದೆ, ರಜೆಯೂ ಇದೆ. ಊರಿಗೆ ಊರೇ ಒಟ್ಟಿಗೆ ಬಿಡುವಾಗುವ ಋತುವೊಂದು ಮಾತ್ರ ಇಲ್ಲ. ಕೌದಿಯ ಸುತ್ತ ನಾಲ್ಕು ಜನ ಕೂಡಬೇಕಾದರೆ ನಾಲ್ವರಿಗೂ ಒಂದೇ ಹೊತ್ತಿಗೆ ಕೈ ಖಾಲಿಯಿರಬೇಕು.

ಆಕ್ಷೇಪಗಳಿಗೆ ಉತ್ತರ

ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿ, ಕೆಲಸ ಬಿಡಿಸಿ, ಮತ್ತೆ ಮೂಲೆಯಲ್ಲಿ ಸೂಜಿ ಹಿಡಿಸುವ ಆಲೋಚನೆ ಇದೆಂದು ಯಾರಾದರೂ ಶಂಕಿಸಿದರೆ ಆ ಶಂಕೆಗೆ ಕಾರಣವಿಲ್ಲದಿಲ್ಲ. ಹಳೆಯ ಕಾಲದ ಬಿಡುವನ್ನು ಹೊಗಳುವವರು ಆ ಕಾಲದ ದಣಿವನ್ನು ಮುಚ್ಚಿಡುವುದುಂಟು. ಚಿಮಣಿಯ ಬೆಳಕಿನಲ್ಲಿ ಕಸೂತಿ ಹಾಕಿ ಕಣ್ಣು ಕೆಡಿಸಿಕೊಂಡವರಿದ್ದರು. ಬೇಕಾಗಿರಲಿ ಬೇಡವಾಗಿರಲಿ, ವರದಕ್ಷಿಣೆಯ ಜೊತೆಗೆ ಹೊಲಿದ ಬಟ್ಟೆಗಳ ಲೆಕ್ಕವನ್ನೂ ಕೇಳಿದ ಬೀಗರಿದ್ದರು. ಕೊಳ್ಳುವ ಶಕ್ತಿಯಿಲ್ಲದ್ದರಿಂದಲೇ ಕೌದಿ ಹೊದ್ದವರಿದ್ದರು. ಇವರಲ್ಲಿ ಯಾರಿಗೂ ಆ ದಿನಗಳು ಮರಳಿ ಬರಲೆಂದು ಹಾರೈಸಲಾಗದು. ಬಲವಂತದಿಂದ ಮಾಡಿಸಿದ್ದು ಉಡುಗೊರೆಯೆನ್ನಿಸಿಕೊಳ್ಳುವುದಿಲ್ಲ.

ಇಲ್ಲಿ ಕೇಳುತ್ತಿರುವುದು ಆಯ್ಕೆಯ ಮಾತನ್ನು. ಕಾಲೇಜು ಓದಿದ ಹುಡುಗಿಗೂ ಪಾಳಿ ಮುಗಿಸಿ ಬಂದ ಹುಡುಗನಿಗೂ ತಮ್ಮ ತಂಗಿಯ ಕೂಸಿಗೊಂದು ಕುಲಾವಿ ಹೊಲಿಯಬೇಕೆನ್ನಿಸಿದರೆ ಅದಕ್ಕೆ ಬೇಕಾದ ಬಟ್ಟೆ, ಕಲಿಸುವ ಅಜ್ಜಿ, ಕುಳಿತುಕೊಳ್ಳುವ ಹೊತ್ತು ಇರಬೇಕು. ಅವು ಇಲ್ಲದ ಕಡೆ ರಗ್ಗು ಕೊಳ್ಳುವುದು ಆಯ್ಕೆಯಾಗಿ ಉಳಿಯುವುದಿಲ್ಲ, ಅನಿವಾರ್ಯವಾಗುತ್ತದೆ. ಅಂಗಡಿಯ ಉಡುಗೊರೆ ಕೊಡುವವರಿಗೆ ಪ್ರೀತಿ ಕಡಿಮೆಯೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಅವರಿಂದ ಕಸಿದುಕೊಂಡ ಹೊತ್ತಿನ ಲೆಕ್ಕವನ್ನು ಕೇಳುವ ಅಧಿಕಾರ ಎಲ್ಲರಿಗೂ ಇದೆ.

ಒಂದು ಕೌದಿಯಿಂದ ಬೆಟ್ಟ ಉಳಿಯುತ್ತದೆಯೇ ಎಂಬ ವ್ಯಂಗ್ಯವೂ ಬರಬಹುದು. ಉಳಿಯುವುದಿಲ್ಲ. ಆದರೆ ಸಾಕು ಎಂಬ ಮಾತನ್ನು ಮನೆಯೊಳಗೆ ಕಲಿಯದವರು ಬೆಟ್ಟದ ಮುಂದೆ ನಿಂತು ಅದನ್ನು ಹೇಳಲಾರರು. ಇದ್ದುದನ್ನು ಕೂಡಿಸಿ, ತೇಪೆ ಹಚ್ಚಿ, ಇನ್ನಷ್ಟು ಕಾಲ ಬಾಳಿಸಬಹುದೆಂಬ ತಿಳಿವಳಿಕೆ ಅದಿರಿಗೂ ಅನ್ವಯಿಸುತ್ತದೆ. ಹಳೆಯ ಕಬ್ಬಿಣವನ್ನು ಕರಗಿಸಿ ಮತ್ತೆ ಬಳಸಿದಷ್ಟೂ ಹೊಸ ಬೆಟ್ಟವನ್ನು ಅಗೆಯುವ ಅಗತ್ಯ ತಗ್ಗುತ್ತದೆ ಎಂಬ ಸರಳ ಸತ್ಯವನ್ನು ಕೌದಿ ಹೊಲಿಯುವ ಅಜ್ಜಿಗೆ ವಿವರಿಸಬೇಕಾಗಿಲ್ಲ.

ಆಗಬೇಕಾದದ್ದು

ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆಂದು ಕೂಡಿದ ಹಣ ಸಾವಿರಾರು ಕೋಟಿ ರೂಪಾಯಿ. ಅದಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಗಿದೆ. 2015ರ ಕಾನೂನು ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳೂ ಬಂದಿವೆ. ಕುಡಿಯುವ ನೀರು, ಮಹಿಳೆ ಮತ್ತು ಮಕ್ಕಳ ಕಲ್ಯಾಣ ಈ ನಿಧಿಯ ಆದ್ಯತೆಯ ಬಾಬುಗಳೆಂದು ನಿಯಮವೇ ಹೇಳುತ್ತದೆ. ರಸ್ತೆ, ಕಟ್ಟಡಗಳ ಅಂದಾಜುಪಟ್ಟಿಗಳ ನಡುವೆ ಹೆಣ್ಣಿನ ಹೊತ್ತನ್ನು ಉಳಿಸುವ ಕೆಲಸಗಳಿಗೆ ಮೊದಲ ಸ್ಥಾನ ಸಿಗಬೇಕು. ಪ್ರತಿ ತಾಂಡಾಕ್ಕೆ ನಂಬಬಹುದಾದ ನೀರು, ಹಳ್ಳ-ಕೆರೆಗಳ ಹೂಳೆತ್ತುವಿಕೆ, ಒಗೆಯುವುದಕ್ಕೆ ಸೋಪಾನವುಳ್ಳ ಕಟ್ಟೆ, ಕೂಸುಗಳನ್ನು ಬಿಟ್ಟುಹೋಗಲು ಯೋಗ್ಯವಾದ ಅಂಗನವಾಡಿ, ನಾಲ್ಕು ಜನ ಕುಳಿತು ಕೆಲಸ ಮಾಡಲು ಬೆಳಕಿರುವ ಒಂದು ಚಾವಡಿ, ಇವು ದೊಡ್ಡ ಖರ್ಚಿನ ಬೇಡಿಕೆಗಳಲ್ಲ. ಗ್ರಾಮಸಭೆಗಳಲ್ಲಿ ಹೆಂಗಸರೇ ಎದ್ದುನಿಂತು ಇವನ್ನು ಠರಾವಿನಲ್ಲಿ ಬರೆಸಬೇಕು.

ರಾಜ್ಯ ಸರ್ಕಾರ 2007ರಲ್ಲಿ ‘ಮಡಿಲು’ ಎಂಬ ಹೆಸರಿನಲ್ಲಿ ಬಡ ಬಾಣಂತಿಯರಿಗೆ ತಾಯಿ-ಕೂಸುಗಳ ಬಟ್ಟೆಬರೆಗಳ ಚೀಲವನ್ನು ಕೊಡುವ ಯೋಜನೆ ಆರಂಭಿಸಿತ್ತು. ಮಡಿಲು ತುಂಬುವ ಸಂಪ್ರದಾಯದ ಮಾತನ್ನೇ ಸರ್ಕಾರ ಹೆಸರಿಗೆ ಆರಿಸಿಕೊಂಡಿತ್ತು. ಮುಂದೆ ಅಂಥ ಯೋಜನೆ ಯಾವ ರೂಪದಲ್ಲಿ ಬಂದರೂ ಅದರಲ್ಲಿ ಒಂದು ಹತ್ತಿಯ ಕೌದಿ, ಒಂದು ಕುಲಾವಿ ಸೇರಲಿ. ಅವು ದೂರದ ಕಾರ್ಖಾನೆಯಿಂದ ಬರದೆ ಅದೇ ತಾಲ್ಲೂಕಿನ ಹೆಂಗಸರ ಕೈಯಿಂದ ನ್ಯಾಯವಾದ ಕೂಲಿಗೆ ತಯಾರಾಗಲಿ. ಬಳ್ಳಾರಿ ನಗರ ಜೀನ್ಸ್ ಹೊಲಿಗೆಗೆ ದೇಶದಲ್ಲೇ ಹೆಸರಾದದ್ದು. ಅಲ್ಲಿ ಕತ್ತರಿಸಿ ಉಳಿಯುವ ಗಟ್ಟಿ ಬಟ್ಟೆಯ ಚಿಂದಿ ಕಸವಾಗುವ ಬದಲು ದೊಡ್ಡವರ ಹಾಸುಗೌದಿಗಳಾಗಬಲ್ಲದು. ಶಾಲೆಗಳಲ್ಲಿ ವಾರಕ್ಕೊಂದು ಅವಧಿ ಊರಿನ ಅಜ್ಜಿಯೊಬ್ಬರನ್ನು ಕರೆಸಿ ಹುಡುಗ-ಹುಡುಗಿಯರಿಬ್ಬರಿಗೂ ಸೂಜಿ-ದಾರ ಕಲಿಸಲಿ. ಹರಿದ ಅಂಗಿಯನ್ನು ತಾನೇ ಹೊಲಿದುಕೊಳ್ಳಬಲ್ಲ ಹುಡುಗ ಮುಂದೆ ತನ್ನ ಹೆಂಡತಿಯ 299 ನಿಮಿಷಗಳಲ್ಲಿ ಪಾಲು ತೆಗೆದುಕೊಳ್ಳುವ ಸಂಭವ ಹೆಚ್ಚು.

ಮನೆಗಳ ಮಟ್ಟಿಗೆ ಮಾಡಬಹುದಾದದ್ದು ಇನ್ನೂ ಸುಲಭ. ಹತ್ತಿಯ ಹಳೆಯ ಬಟ್ಟೆಯನ್ನು ಪಾತ್ರೆಯವಳಿಗೆ ಕೊಟ್ಟು ಪ್ಲಾಸ್ಟಿಕ್ ಬುಟ್ಟಿ ಪಡೆಯುವ ಮುನ್ನ ಒಂದು ಗಂಟಿನಲ್ಲಿ ಕಟ್ಟಿಡಬೇಕು. ಮನೆಯಲ್ಲಿ ಹಿರಿಯರು ಇರುವಾಗಲೇ ಅವರ ಕೈಯಿಂದ ಒಂದು ಕೌದಿಗೆ ಕಲ್ಲಿಡಿಸಿ, ಸಾಲು ಹಿಡಿಸಿ, ಕಲಿತುಕೊಳ್ಳಬೇಕು. ಹೊಲಿಗೆ ಸೊಟ್ಟಗಾದರೂ ಅಡ್ಡಿಯಿಲ್ಲ. ಕೂಸು ಸಾಲುಗಳನ್ನು ಎಣಿಸುವುದಿಲ್ಲ. ಮುಂದಿನ ಮಹಾನವಮಿಗೆ ಅದನ್ನು ಒಗೆಯಲು ಹಳ್ಳಕ್ಕೆ ಒಯ್ದಾಗ ಅಲ್ಲಿ ನೀರಿದೆಯೇ, ಇದ್ದರೆ ಯಾವ ಬಣ್ಣದ್ದಾಗಿದೆ ಎಂಬುದನ್ನು ಇಡೀ ಮನೆ ಒಟ್ಟಿಗೆ ನಿಂತು ನೋಡಬೇಕು. ಅಲ್ಲಿ ಕಂಡದ್ದನ್ನು ಗ್ರಾಮಸಭೆಯಲ್ಲಿ ಹೇಳಬೇಕು. ನೆನೆದ ಕೌದಿಯನ್ನು ಹಿಂಡುವುದಕ್ಕೆ ಇಬ್ಬರು ಬೇಕಾಗುವಂತೆ, ಈ ಮಾತನ್ನು ಹೇಳುವುದಕ್ಕೂ ಒಬ್ಬರಿಗಿಂತ ಹೆಚ್ಚು ಜನ ಬೇಕಾಗುತ್ತಾರೆ.